ವಾಕ್ಯಕ್ಕೊಂದು ಆಳು

ಆ ಮನೆಯಲ್ಲಿ ಕೆಲಸಗಳು ತಮ್ಮಷ್ಟಕ್ಕೆ ತಾವೇ ಆಗುತ್ತಿದ್ದವು. ಅಲ್ಲಿನ ಮಾತು ಕೇಳಿದ ಯಾರಿಗಾದರೂ ಹಾಗನ್ನಿಸಬೇಕು. "ಹಾಲು ತರಬೇಕು" ಎಂದು ಅಜ್ಜಿ ಗೋಡೆಗೆ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹಾಲು ಬರುತ್ತಿತ್ತು. "ಶರ್ಟಿನ ಗುಂಡಿ ಹೋಗಿದೆ" ಎಂದು ಅವಳ ಮಗ ಗಾಳಿಗೆ ಹೇಳುತ್ತಿದ್ದ. ಮರುದಿನ ಗುಂಡಿ ಅದರ ಜಾಗದಲ್ಲಿ ಕೂತಿರುತ್ತಿತ್ತು. "ಟೀ ಆಗಿದ್ರೆ ಚೆನ್ನಾಗಿತ್ತು" ಎಂದು ಮೊಮ್ಮಗಳು ಮೊಬೈಲಿನಿಂದ ಕಣ್ಣೆತ್ತದೆ ಹೇಳಿದರೆ ಸಾಕು, ಟೀ ಆಗುತ್ತಿತ್ತು. ಹೇಳುವವರು ಮೂವರು, ಮಾಡುವವಳು ಒಬ್ಬಳು. ಆ ಒಬ್ಬಳು ಮಾತ್ರ ಯಾವ ಮಾತಿನಲ್ಲೂ ಇರುತ್ತಿರಲಿಲ್ಲ.

ಅವಳು ಆ ಮನೆಯ ಸೊಸೆ. ದೊಡ್ಡಾಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಕೆಲಸ. ವಾರ್ಡುಗಳಿಂದ ಬರುವ ಬೆಡ್‌ಶೀಟು, ದಿಂಬಿನ ಕವರು, ರೋಗಿಗಳ ನಿಲುವಂಗಿ ಎಲ್ಲವನ್ನೂ ಕೊಡವಿ, ಬೇರೆ ಬೇರೆ ಮಾಡಿ, ಯಂತ್ರಕ್ಕೆ ಹಾಕಿ, ಒಣಗಿಸಿ, ಮಡಿಸಿ, ಮತ್ತೆ ವಾರ್ಡಿಗೆ ಕಳಿಸಬೇಕು. ಆಸ್ಪತ್ರೆಯವರೆಲ್ಲ ಅವಳನ್ನು ಶೀಟಕ್ಕ ಎನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ, ಮನೆಯಲ್ಲಂತೂ ಅವಳನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಗಂಡ ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುತ್ತಿದ್ದ. ನಸುಕಿಗೆ ಹೊರಟು ಮಧ್ಯಾಹ್ನದೊಳಗೆ ಮನೆ ಸೇರಿ ಟಿವಿ ಮುಂದೆ ಕಾಲು ಚಾಚುವ ಮನುಷ್ಯ. ಮಗಳು ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದಳು, ಅಜ್ಜಿಗೆ ಅವಳು ಪುಟ್ಟಿ. ಅಜ್ಜಿಗೆ ಮಾತ್ರ ಇಡೀ ಕಟ್ಟಡ ಇಟ್ಟ ಹೆಸರು ರೇಡಿಯೋ. ಅದನ್ನು ಅವಳು ಬಿರುದಿನಂತೆ ಹೊತ್ತುಕೊಂಡಿದ್ದಳು.

ಒಂದು ದಿನ ಮೇಟ್ರನ್ ಬಟ್ಟೆ ವಿಭಾಗಕ್ಕೇ ಇಳಿದು ಬಂದರು. ಯಂತ್ರಗಳ ಸದ್ದಿನ ಮೇಲೆ ದನಿ ಎತ್ತಿ ಹೇಳಿದರು:

"ಸಂಜೆ ಪಾಳಿಗೆ ಒಬ್ಬರು ಸೂಪರ್‌ವೈಸರ್ ಬೇಕು. ಹೊರಗಿನವರನ್ನ ತರೋ ಬದಲು ನಿಮ್ಮಲ್ಲೇ ಒಬ್ಬರಿಗೆ ಕೊಡೋಣ ಅಂತಿದೀನಿ. ಆದ್ರೆ ಪಾಳಿ ಮುಗಿದ ಮೇಲೆ ಇಂಗ್ಲಿಷಿನಲ್ಲಿ ವರದಿ ಬರೀಬೇಕು. ಎಲ್ಲೆಲ್ಲಿಂದಲೋ ಬಂದ ಡಾಕ್ಟರು, ನರ್ಸುಗಳು ಓದ್ಬೇಕಲ್ಲ. ಆಸೆ ಇದ್ದವರು ಈ ತಿಂಗಳು ಮುಗಿಯೋದ್ರೊಳಗೆ ಒಂದು ಪುಟ ಬರ್ಕೊಂಡು ಬನ್ನಿ. ಇಲ್ಲಿ ನೀವು ಮಾಡಿದ ಒಂದು ಕೆಲಸದ ಬಗ್ಗೆ. ಸಣ್ಣ ಸಣ್ಣ ವಾಕ್ಯ ಸಾಕು, ಆದ್ರೆ ವಾಕ್ಯ ವಾಕ್ಯದ ಹಾಗಿರ್ಬೇಕು. ಇನ್ನೊಂದು ಮಾತು. ಮೊದಲನೇ ಸಾಲು ಓದಿದ ಮೇಲೆ ಎರಡನೇದು ಓದ್ಬೇಕು ಅನ್ನಿಸದಿದ್ರೆ ನಾನು ಓದಲ್ಲ. ನನ್ನ ಮೇಜಿನ ಮೇಲೆ ಕಾಗದದ ಗುಡ್ಡನೇ ಇದೆ."

ಇಸ್ತ್ರಿ ಯಂತ್ರದ ಅಣ್ಣ, "ಇಂಗ್ಲಿಷ್ ಬಂದಿದ್ರೆ ನಾನ್ಯಾಕೆ ಈ ಬೇಗೇಲಿ ಬೇಯ್ತಿದ್ದೆ" ಎಂದು ನಕ್ಕ. ಒಬ್ಬಿಬ್ಬರು ಬರೆಯುತ್ತೇವೆಂದರು. ಶೀಟಕ್ಕ ಮುಂದಿನ ಗಂಟು ಬಿಚ್ಚತೊಡಗಿದಳು. ಆದರೆ ಅವಳಿಗೆ ಆ ಕೆಲಸ ಬೇಕಿತ್ತು. ಒದ್ದೆ ಗಂಟುಗಳನ್ನು ಎತ್ತಿ ಎತ್ತಿ ಸೊಂಟ ಮಾತು ಕೇಳುವುದನ್ನು ಬಿಟ್ಟಿತ್ತು, ಅದು ಒಂದು. ಇನ್ನೊಂದು ಏನೆಂದರೆ, ಯಾವ ಯಂತ್ರ ಮೊದಲು, ಯಾವ ವಾರ್ಡು ಆಮೇಲೆ ಎನ್ನುವುದನ್ನು ಅವಳ ತಲೆ ಎಂದೋ ಲೆಕ್ಕ ಹಾಕಿ ಇಟ್ಟಿರುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಅಧಿಕಾರ ಅವಳಿಗೆ ಬೇಕಿತ್ತು. ಬೇಕು ಅಂದರೆ ಬೇಕು.

ಊಟದ ಹೊತ್ತಿನಲ್ಲಿ ವಿಷಯ ತೆಗೆದಳು.

"ಸಂಜೆ ಪಾಳಿ ಅಂದ್ರೆ?" ಗಂಡ ತಟ್ಟೆಯಿಂದ ತಲೆಯೆತ್ತಿದ.

"ಮಧ್ಯಾಹ್ನ ಹೋಗಿ ರಾತ್ರಿ ಬರೋದು."

"ಮತ್ತೆ ರಾತ್ರಿ ಅಡುಗೆ?"

ಶೀಟಕ್ಕ ಕಾದಳು. ವಾಕ್ಯ ಮುಂದಕ್ಕೆ ಹೋಗಲಿಲ್ಲ. ಅವನು ಸಾರು ಬಡಿಸಿಕೊಂಡ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ," ಎಂದಳು ಅಜ್ಜಿ.

"ಇಷ್ಟು ವರ್ಷ ನಾನು ಒಗೆದಿರೋದು ಹಾಸಿಗೆ ಬಟ್ಟೇನೇ ಅತ್ತೆ. ಅದು ಎಷ್ಟು ಉದ್ದ ಇದೆ ಅಂತ ನನಗೆ ಗೊತ್ತು."

ಮಗಳು ನೀರು ಕುಡಿಯುತ್ತಿದ್ದವಳು ಕೆಮ್ಮಿದಳು. ಅಜ್ಜಿ ಮೊಮ್ಮಗಳ ಬೆನ್ನು ತಟ್ಟುತ್ತಾ ಸೊಸೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು.

ಮಗಳಿಂದ ಇಂಗ್ಲಿಷ್ ಪಾಠ ರಜೆಯ ದಿನ ಶುರುವಾಯಿತು. ಒಣಗಿದ ಬಟ್ಟೆಯ ರಾಶಿ ನಡುವೆ, ತಾಯಿ ಮಡಿಸುತ್ತಾ, ಮಗಳು ಮಂಚದ ಮೇಲೆ ಉದ್ದಕ್ಕೆ ಮಲಗಿಕೊಂಡು.

"ಏನ್ ಬರ್ದಿದೀಯ, ಓದು ನೋಡೋಣ."

ಶೀಟಕ್ಕ ಗಂಟಲು ಸರಿಮಾಡಿಕೊಂಡು ಓದಿದಳು. "ಇನ್ ಅವರ್ ಡಿಪಾರ್ಟ್‌ಮೆಂಟ್ ವರ್ಕ್ ಈಸ್ ಗೋಯಿಂಗ್ ಆನ್ ವೆರಿ ನೈಸ್ಲಿ."

"ವರ್ಕ್ ಯಾರು ಮಾಡ್ತಿದಾರೆ?"

"ನಾವು."

"ಹಾಗಂತ ಎಲ್ಲಿದೆ? ಕೆಲಸ ನಡೀತಿದೆ ಅಂತಿದೆ. ಅದಕ್ಕೇನು ಕಾಲಿದೆಯಾ?" ಮಗಳು ಎದ್ದು ಕೂತಳು. "ನೋಡಮ್ಮ, ಇಂಗ್ಲಿಷಿನಲ್ಲಿ ಮೊದಲು ಯಾರು, ಆಮೇಲೆ ಏನ್ ಮಾಡಿದ್ರು, ಆಮೇಲೆ ಏನನ್ನ. ನಮ್ಮ ಮಾತಿನ ಹಾಗೆ ಕ್ರಿಯಾಪದ ಕೊನೇಲಿ ಬಂದು ಬಾಗಿಲು ಹಾಕಲ್ಲ, ಎರಡನೇ ಜಾಗದಲ್ಲೇ ನಿಂತಿರುತ್ತೆ. ನಮ್ಮಲ್ಲಿ 'ತಿಂದೆ' ಅಂದ್ರೆ ಸಾಕು, ತಿಂದಿದ್ದು ನಾನೇ ಅಂತ ಗೊತ್ತಾಗುತ್ತೆ. ಅಲ್ಲಿ ಹಾಗಲ್ಲ. ಆಳು ಮುಂದೆ ಬಂದು ನಿಲ್ಲದೆ ವಾಕ್ಯ ಹೊರಡೋದೇ ಇಲ್ಲ."

"ಮಳೆ ಬರ್ತಿದೆ ಅನ್ನೋದಕ್ಕೆ?"

"ಇಟ್ ಈಸ್ ರೈನಿಂಗ್."

"ಈ ಇಟ್ ಯಾರು?"

"ಯಾರೂ ಅಲ್ಲ. ಜಾಗ ಖಾಲಿ ಇರಬಾರದು ಅಂತ ಒಂದು ಆಳನ್ನ ನಿಲ್ಲಿಸಿರ್ತಾರೆ ಅಷ್ಟೇ. ಅದಕ್ಕೆ ಮುಖ ಇಲ್ಲ, ಹೆಸರಿಲ್ಲ. ಮಳೆ ಅದೇ ತರ್ಬೇಕು, ಬಿಸಿಲೂ ಅದೇ, ಕತ್ತಲೆನೂ ಅದೇ."

ಶೀಟಕ್ಕ ಟವೆಲನ್ನು ಅರ್ಧ ಮಡಿಸಿ ಕೈಯಲ್ಲೇ ಹಿಡಿದು ಕೂತಳು. "ಹಾಗಾದ್ರೆ ಈ ಮನೇಲಿ ಇಟ್ ಅಂದ್ರೆ ನಾನೇ ಅನ್ನು."

ಮಗಳು ನಕ್ಕಳು. ತಾಯಿ ನಗಲಿಲ್ಲವೆಂದು ಗೊತ್ತಾದ ಮೇಲೆ ತಾನೂ ಒಂದು ಟವೆಲ್ ಎತ್ತಿಕೊಂಡು ಮಡಿಸಲು ಶುರುಮಾಡಿದಳು.

ಬರೆಯುವುದಕ್ಕೆ ಸಂಗತಿಯೇನೋ ಇತ್ತು, ಮನೆಯಲ್ಲಿ ಯಾರಿಗೂ ಅದನ್ನು ಅವಳು ಪೂರ್ತಿ ಹೇಳಿರಲಿಲ್ಲ ಅಷ್ಟೇ. ಕಳೆದ ವರ್ಷ ಗಂಡಸರ ವಾರ್ಡಿನಿಂದ ಬಂದ ಬೆಡ್‌ಶೀಟು ಕೊಡವುವಾಗ ಒಂದು ಜೊತೆ ಕಟ್ಟಿಸಿದ ಹಲ್ಲು ಟಣ್ಣೆಂದು ನೆಲಕ್ಕೆ ಬಿದ್ದಿತ್ತು. ಉಳಿದವರು "ಥೂ" ಎಂದು ಹಿಂದಕ್ಕೆ ಸರಿದರು. ಶೀಟಕ್ಕ ಅದನ್ನು ತೊಳೆದು ಡಬ್ಬಿಯಲ್ಲಿಟ್ಟುಕೊಂಡು ವಾರ್ಡಿಗೆ ಹೋದಳು. ಯಾರದೆಂದು ಕೇಳಿದರೆ ಯಾರೂ ಬಾಯಿಬಿಡಲಿಲ್ಲ, ಅಷ್ಟು ಜನರ ಮುಂದೆ ಹಲ್ಲಿಲ್ಲವೆಂದು ಒಪ್ಪಿಕೊಳ್ಳುವವರು ಯಾರು? ಆಗ ಅವಳು ಒಂದೊಂದೇ ಹಾಸಿಗೆಯ ಹತ್ತಿರ ನಿಂತು ಒಂದೊಂದು ತಮಾಷೆ ಮಾಡುತ್ತಾ ಬಂದಳು. ಎಲ್ಲರೂ ಬಾಯಿ ತೆರೆದು ನಕ್ಕರು. ಕಿಟಕಿ ಪಕ್ಕದ ಮುದುಕ ಮಾತ್ರ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕ. ಊಟ ಬೇಡವೆಂದು ತಟ್ಟೆ ತಳ್ಳುತ್ತಿದ್ದ ಅವನನ್ನು ನರ್ಸುಗಳು ಹಟಮಾರಿ ಎಂದುಕೊಂಡಿದ್ದರು. ಶೀಟಕ್ಕ ಡಬ್ಬಿಯನ್ನು ಹೊದಿಕೆಯ ಕೆಳಗೆ ಸರಿಸಿ ಏನೂ ಗೊತ್ತಿಲ್ಲದವಳಂತೆ ಹೊರಟುಬಂದಳು.

"ಇದನ್ನೇ ಬರಿ," ಎಂದಳು ಈಗ ಕಥೆ ಪೂರ್ತಿ ಕೇಳಿದ ಮಗಳು. "ಹಲ್ಲು ಸಿಕ್ಕಿದ್ದು ಹೇಗೆ ಹೇಳ್ತೀಯ?"

ಶೀಟಕ್ಕ ಯೋಚಿಸಿ, ಬೆರಳು ಮಡಿಸಿ, ಜೋಡಿಸಿ ಹೇಳಿದಳು. "ಟು ಮಿ ಟೀತ್ ಗಾಟ್."

"ಅಯ್ಯೋ."

"ಯಾಕೆ? ನನಗೆ ಹಲ್ಲು ಸಿಕ್ತು. ಟು ಮಿ, ಟೀತ್, ಗಾಟ್. ಎಲ್ಲಾ ಇದೆಯಲ್ಲ. ಓ, ಕ್ರಿಯಾಪದ ಎರಡನೇದು. ಟೀತ್ ಗಾಟ್ ಮಿ."

"ಈಗ ಹಲ್ಲೇ ನಿನ್ನನ್ನ ಕಚ್ಚಿ ಹಿಡೀತು ಅಂತಾಯ್ತು." ಮಗಳು ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, "ಸಿಗೋದು ಹಲ್ಲು ಮಾಡೋ ಕೆಲಸ ಅಲ್ಲಮ್ಮ. ಕಂಡು ಹಿಡಿದಿದ್ದು ನೀನು. ಐ ಫೌಂಡ್" ಎಂದಳು.

"ಐ ಫೌಂಡ್," ಎಂದಳು ಶೀಟಕ್ಕ. ನಮ್ಮ ಮಾತಿನಲ್ಲಿ ವಸ್ತು ತಾನಾಗಿ ಬಂದು ಕೈಗೆ ಸಿಗುತ್ತದೆ, ಅದೃಷ್ಟದ ಹಾಗೆ. ಇಲ್ಲಿ ನೋಡಿದರೆ ಅವಳೇ ಮಾಡಿದ್ದು. ಅವಳಿಗೆ ಒಳ್ಳೆಯದನ್ನಿಸಿತು, ಒಂದು ಥರಾ ನಾಚಿಕೆಯೂ ಆಯಿತು.

ಕಲಿತ ವಿದ್ಯೆ ಮನೆಯಲ್ಲಿ ಉಪಯೋಗಿಸದೆ ಇರುವುದು ಯಾರ ಕೈಯಲ್ಲಾಗುತ್ತದೆ? ಮರುದಿನ ಬೆಳಿಗ್ಗೆ ಅಜ್ಜಿ ಎಂದಿನಂತೆ ಗೋಡೆಗೆ ಹೇಳಿದಳು. "ಹಾಲು ತರಬೇಕು."

"ಯಾರು?" ಎಂದಳು ಶೀಟಕ್ಕ.

"ಯಾರು ಅಂದ್ರೆ? ತರಬೇಕು ಅಂದ್ರೆ ತರಬೇಕು."

"ಅದೇ, ಯಾರು ತರಬೇಕು ಅತ್ತೆ? ನಾನಾ, ನಿಮ್ಮ ಮಗನಾ, ಪುಟ್ಟೀನಾ?"

"ಇಷ್ಟು ದಿನ ಯಾರು ತರ್ತಿದ್ರೋ ಅವರು."

"ಅವರಿಗೊಂದು ಹೆಸರಿದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ರೆ ಆ ದೀಪಕ್ಕೆ ಎಣ್ಣೆ ದಿನಾ ನಾನೇ ಹಾಕ್ಬೇಕಾಗುತ್ತೆ."

ಅಜ್ಜಿ ಕೂತಲ್ಲಿಂದಲೇ ನೆಟ್ಟಗಾದಳು. "ನಮ್ಮತ್ತೆ ಮುಂದೆ ನಾನು ತುಟಿ ಪಿಟಕ್ ಅಂದವಳಲ್ಲ."

"ಆವತ್ತು ನೀವು ಪಿಟಕ್ ಅಂದಿದ್ರೆ ಇವತ್ತು ನನಗೆ ಈ ಕೆಲಸ ತಪ್ತಿತ್ತು."

ಆ ದಿನ ಟೀಗೆ ಹಾಲಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ವ್ಯಾನಿನಿಂದ ಬಂದ ಗಂಡ ಕಪ್ಪು ಟೀಯನ್ನು ಬೆಳಕಿಗೆ ಹಿಡಿದು ನೋಡಿದ. "ಒಂದು 'ಯಾರು'ಗೋಸ್ಕರ ಇಷ್ಟು ರಾದ್ಧಾಂತವೇ? ನನಗೆ ಹೇಳಿದ್ರೆ ನಾನು ತರ್ತಿರ್ಲಿಲ್ವಾ?"

"ಹೇಳ್ತಿದೀನಿ. ನೀವು ಹಾಲು ತನ್ನಿ."

ಅವನು ಚಪ್ಪಲಿ ಹುಡುಕಿದ, ಚೀಲ ಹುಡುಕಿದ, ಕೊನೆಗೆ ಅಂಗಡಿ ಯಾವ ಕಡೆ ಎಂದು ಕೇಳಿದ. ದಿನಾ ಊರಿನ ಅಂಗಡಿಗಳಿಗೆಲ್ಲ ಬ್ರೆಡ್ ಹಾಕುವವನು ಈ ಮಾತು ಕೇಳಿದ್ದಕ್ಕೆ ಮಗಳು ಒಂದು ವಾರ ನಕ್ಕಳು. ಆದರೆ ಹಾಲು ಬಂತು.

ಅಜ್ಜಿ ಮಾತ್ರ ಮುಖ ಊದಿಸಿಕೊಂಡವಳು ಹಾಗೇ ಇದ್ದಳು. ಊಟಕ್ಕೆ ಬರುವಳು, ತಿನ್ನುವಳು, ಏಳುವಳು, ಒಂದು ಮಾತಿಲ್ಲ. ಸೊಸೆ ಬಡಿಸಿದರೆ ಸಾಕೆನ್ನಲು ಕೈ ಅಡ್ಡ ಹಿಡಿಯುವಳು. ಜಗಳವಾದರೂ ಆದರೆ ಮನೆಯಲ್ಲಿ ಜನ ಇದ್ದಾರೆನ್ನಿಸುತ್ತದೆ, ಈ ಮೌನ ಶೀಟಕ್ಕನಿಗೆ ತಡೆಯಲಾಗಲಿಲ್ಲ. ತಾನು ಅತಿಯಾಗಿ ಆಡಿದೆನೇ ಎಂದು ಎಷ್ಟೋ ಸಲ ಅನ್ನಿಸಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪುಟ ಬೇರೆ ಮುಂದೆ ಸಾಗುತ್ತಿರಲಿಲ್ಲ. ವಾಕ್ಯಗಳು ಈಗ ನೆಟ್ಟಗೆ ನಿಲ್ಲುತ್ತಿದ್ದವು, ಆಳು ಮುಂದೆ, ಕೆಲಸ ಹಿಂದೆ. ಮೊದಲನೇ ಸಾಲಿನದೇ ತೊಂದರೆ. "ಐ ವರ್ಕ್ ಇನ್ ದಿ ಲಿನನ್ ಡಿಪಾರ್ಟ್‌ಮೆಂಟ್ ಆಫ್ ದಿ ಹಾಸ್ಪಿಟಲ್" ಎಂದು ಬರೆದಿದ್ದಳು. ತಪ್ಪಿಲ್ಲ. ಆದರೆ ತಾನೇ ಓದಿದರೆ ತನಗೇ ಆಕಳಿಕೆ ಬರುತ್ತಿತ್ತು. ಬಟ್ಟೆ ವಿಭಾಗ, ಅಲ್ಲಿನ ಯಂತ್ರ, ಬೆಳಗಿನ ಗಾಡಿ, ಗಂಟು ಬಿಚ್ಚುವುದು, ಎಲ್ಲ ದಾಟಿ ಹಲ್ಲು ಬೀಳುವ ಹೊತ್ತಿಗೆ ಪುಟದ ಅರ್ಧ ಮುಗಿದಿರುತ್ತಿತ್ತು.

ಮಗಳಿಗೆ ತಾಳ್ಮೆ ಮುಗಿಯಿತು. ಒಂದು ಸಂಜೆ ತಾನೇ ಒಂದು ಪುಟ ಬರೆದು ತಂದಳು. ಸ್ವಚ್ಛತೆ ನಾಗರಿಕತೆಯ ಅಡಿಪಾಯ ಎಂಬಲ್ಲಿಂದ ಶುರುವಾಗಿ, ಉದ್ದುದ್ದ ಪದಗಳ ಮೆರವಣಿಗೆ.

"ಹೀಗೇ ಕಾಪಿ ಮಾಡಿ ಕೊಟ್ಬಿಡು. ಕೆಲಸ ಸಿಕ್ಕೇ ಸಿಗುತ್ತೆ."

ಶೀಟಕ್ಕ ಪದ ಪದ ಬಿಡಿಸಿ ಓದಿದಳು. "ಚೆನ್ನಾಗಿದೆ. ಇದ್ರಲ್ಲಿ ನಾನೆಲ್ಲಿದೀನಿ?"

"ಅಮ್ಮ, ನಿನಗೆ ಕೆಲಸ ಬೇಕೋ ಬೇಡ್ವೋ?"

"ಬೇಕು. ಸಿಕ್ಕಿದ ಮೇಲೆ ದಿನಾ ವರದಿ ಬರೆಯೋಕೆ ನೀನು ಬರ್ತೀಯಾ?"

ಮಗಳು ಕಾಗದ ಕಿತ್ತುಕೊಂಡು ಒಳಗೆ ಹೋದಳು. ಈಗ ಮನೆಯಲ್ಲಿ ಮಾತು ಬಿಟ್ಟವರು ಇಬ್ಬರಾದರು.

ತಿಂಗಳು ಮುಗಿಯುವ ಹೊತ್ತು ಬಂತು. ಶೀಟಕ್ಕ ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ ಮೇಲೆ ಅತ್ತೆಯ ದನಿ ಕೇಳಿಸಿತು. ಮನೆಯೊಳಗೆ ಬಾಯಿ ಹೊಲಿದುಕೊಂಡಿದ್ದ ರೇಡಿಯೋ ಹೊರಗೆ ಜೋರಾಗಿಯೇ ಹಾಡುತ್ತಿತ್ತು. ನೆರೆಮನೆಯವಳು ಬಾಗಿಲಿಗೆ ಬೀಗ ಹಾಕಿಕೊಂಡು ಹೊರಡುವ ಆತುರದಲ್ಲಿದ್ದಳು.

"ಆ ದರ್ಜಿಯವನು ಒಂದೇ ಕಾಲಲ್ಲಿ ಚಪ್ಪಲಿ ಹಾಕ್ಕೊಂಡು ರಸ್ತೇಲಿ ಓಡಿದ," ಎಂದಳು ಅಜ್ಜಿ.

ನೆರೆಮನೆಯವಳ ಕೈ ಬೀಗದ ಮೇಲೇ ನಿಂತಿತು. "ಯಾಕೆ?"

ಇನ್ನು ಅವಳು ಎಲ್ಲಿ ಹೋಗುತ್ತಾಳೆ? ದರ್ಜಿಯ ಹೆಸರು, ಅಂಗಡಿ, ಇನ್ನೊಂದು ಚಪ್ಪಲಿಯನ್ನು ಎಸೆದ ಗಿರಾಕಿ, ಎಸೆದ ಕಾರಣ, ಎಲ್ಲ ಒಂದೊಂದಾಗಿ ಆಮೇಲೆ ಬಂದವು. ಶೀಟಕ್ಕ ಅರ್ಧ ಮೆಟ್ಟಿಲಲ್ಲಿ ಚೀಲದ ಭಾರ ಮರೆತು ಕೇಳಿದಳು. ಇಷ್ಟು ವರ್ಷ ಇದೇ ಮನೆಯಲ್ಲಿದ್ದು ಈ ಮಾತುಗಾರಿಕೆಯನ್ನು ತಲೆನೋವು ಎಂದುಕೊಂಡಿದ್ದಳು.

ಮನೆಯೊಳಗೆ ಬಂದು ಚೀಲ ಕೆಳಗಿಟ್ಟವಳು ಅತ್ತೆಯ ಎದುರಿಗೇ ಕೂತಳು. "ಅತ್ತೆ, ನೀವು ನನ್ನ ಜೊತೆ ಮಾತು ಬಿಟ್ಟಿದೀರಿ, ಸರಿ. ಆಮೇಲೆ ಮತ್ತೆ ಬಿಡುವಿರಂತೆ. ಈಗ ಒಂದು ಹೇಳಿ." ಹಲ್ಲಿನ ಕಥೆಯನ್ನು ಮೊದಲಿಂದ ಕೊನೆವರೆಗೆ ಹೇಳಿದಳು. "ಇದನ್ನ ನೀವಾದ್ರೆ ಎಲ್ಲಿಂದ ಶುರು ಮಾಡ್ತೀರಿ?"

ಅಜ್ಜಿ ತುಟಿ ಬಿಗಿಹಿಡಿದಳು. ಕೋಪ ಒಂದು ಕಡೆ, ಇಂಥ ಕಥೆ ಇನ್ನೊಂದು ಕಡೆ. ಪಾಪ, ಎಷ್ಟು ಹೊತ್ತು ತಡೆದಾಳು?

"ಒಂದು ವರ್ಷದಿಂದ ಇಂಥದ್ದನ್ನ ಹೊಟ್ಟೇಲಿ ಇಟ್ಕೊಂಡಿದೀಯಲ್ಲ, ಮನುಷ್ಯರ ಹೊಟ್ಟೆನಾ ನಿಂದು?" ಎಂದಳು. "ಎಲ್ಲಿಂದ ಶುರು ಮಾಡೋದು ಅಂತ ಬೇರೆ ಕೇಳ್ತೀಯ. ಹಲ್ಲಿನಿಂದ ಶುರು ಮಾಡ್ತೀನಿ, ಇನ್ನೆಲ್ಲಿಂದ? ಆಸ್ಪತ್ರೆ, ಯಂತ್ರ ಯಾರಿಗೆ ಬೇಕು? ಬಟ್ಟೆ ಕೊಡವಿದೆ, ಹಲ್ಲು ಬಿತ್ತು ಅನ್ನು. ಆಮೇಲೆ ಅವರೇ ಕೇಳ್ತಾರೆ, ಯಾವ ಬಟ್ಟೆ, ಯಾರ ಹಲ್ಲು ಅಂತ. ಕೇಳೋ ಹಾಗೆ ಮಾಡಿದ ಮೇಲೆ ಹೇಳೋದು ಏನ್ ಕಷ್ಟ."

"ಬಿತ್ತು ಅಂದ್ರೆ ಆಗಲ್ಲ ಅತ್ತೆ, ಹಲ್ಲೇ ಮುಂದೆ ನಿಂತುಬಿಡುತ್ತೆ. ನಾನು ಮುಂದೆ ನಿಲ್ಬೇಕು."

"ನಿಲ್ಲು. ಬೇಡ ಅಂದೋರು ಯಾರು?" ಎಂದಳು ಅಜ್ಜಿ. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ಕೇಳಿಸಿರಬೇಕು. ಬೀನ್ಸು ಎಳೆದುಕೊಂಡು ನಾರು ಬಿಡಿಸಲು ಕೂತಳು. ಸೊಸೆ ಹಾಗೆ ಮಾಡೆಂದು ಹೇಳಿರಲಿಲ್ಲ.

ಕೊನೆಯ ದಿನ ಮೇಟ್ರನ್ ಆ ಪುಟವನ್ನು ನಿಂತುಕೊಂಡೇ ತೆಗೆದುಕೊಂಡರು, ಅದನ್ನು ಕಾಗದದ ಗುಡ್ಡದ ಮೇಲಿಡಲು ಕೈ ಸಿದ್ಧವಾಗಿತ್ತು. ಮೊದಲನೇ ಸಾಲು ನೋಡಿದರು. "ಐ ಫೌಂಡ್ ಎ ಮ್ಯಾನ್ಸ್ ಟೀತ್ ಇನ್ ಎ ಬೆಡ್‌ಶೀಟ್." ನಾನು ಒಂದು ಬೆಡ್‌ಶೀಟಿನಲ್ಲಿ ಒಬ್ಬ ಗಂಡಸಿನ ಹಲ್ಲು ಕಂಡುಹಿಡಿದೆ. ಮೇಟ್ರನ್ ಕುರ್ಚಿ ಎಳೆದುಕೊಂಡು ಕೂತರು. ಓದುತ್ತಾ ಓದುತ್ತಾ ಮುದುಕ ಬಾಯಿ ಮುಚ್ಚಿಕೊಂಡು ನಗುವ ಜಾಗಕ್ಕೆ ಬಂದಾಗ ಅವರ ಕೈಯೂ ಬಾಯಿಗೆ ಹೋಯಿತು.

"ಮಗಳು ಇಂಗ್ಲಿಷ್ ಓದ್ತಿದಾಳೆ ಅಂತ ಕೇಳಿದೀನಿ," ಎಂದರು ಆಮೇಲೆ, ಕನ್ನಡಕದ ಮೇಲಿಂದ ನೋಡುತ್ತಾ. "ನಿಜ ಹೇಳು. ಹೂ ರೋಟ್ ಇಟ್?"

ಶೀಟಕ್ಕನ ಬಾಯಿಗೆ ಮೊದಲು ಬಂದದ್ದು ಎಂದಿನ ಮಾತೇ, ಹೇಗೋ ಬರೆದಾಯ್ತು ಮೇಡಂ. ಅದನ್ನು ನುಂಗಿದಳು.

"ಐ ರೋಟ್ ಇಟ್," ಎಂದಳು.

ಕೆಲಸ ಸಿಕ್ಕಿತು. ಅಲ್ಲ, ಕೆಲಸವನ್ನು ಅವಳು ಗಳಿಸಿದಳು. ಮಗಳು ತಾಯಿಯ ಕುತ್ತಿಗೆಗೆ ಜೋತುಬಿದ್ದಳು. ಅಜ್ಜಿ ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿಸಿದಳು, ಹಲ್ಲಿನಿಂದಲೇ ಶುರುಮಾಡಿ. ಗಂಡ "ಒಳ್ಳೇದಾಯ್ತು" ಎಂದ. ರಾತ್ರಿ ಅಡುಗೆಯ ಮಾತನ್ನು ಯಾರೂ ಎತ್ತಲಿಲ್ಲ, ಶೀಟಕ್ಕನೂ ಬೇಕೆಂದೇ ಎತ್ತಲಿಲ್ಲ.

ಮೊದಲನೇ ಪಾಳಿಯ ಮಧ್ಯಾಹ್ನ ಅವಳು ತಲೆ ಬಾಚಿಕೊಂಡು ಬಾಗಿಲ ಹತ್ತಿರ ಬಂದಳು. ಗಂಡ ಟಿವಿಯ ಮುಂದಿದ್ದ.

"ಹೊರಟೆಯಾ?"

"ಹೊರಟೆ."

"ರಾತ್ರಿಗೆ ಅನ್ನ ಆಗ್ಬೇಕಲ್ಲ."

ಶೀಟಕ್ಕನ ಕಾಲು ತಾನಾಗಿ ಅಡುಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟಿತು. ಅಕ್ಕಿ ತೊಳೆದಿಟ್ಟು ಹೋದರೆ ಏನು ಮಹಾ ಕಷ್ಟ, ಐದು ನಿಮಿಷದ ಕೆಲಸ. ಇವತ್ತು ಐದು ನಿಮಿಷ ಕೊಟ್ಟರೆ ನಾಳೆ ಬೇಳೆಗೂ ಕೊಡಬೇಕು, ನಾಡಿದ್ದು ಪಾಳಿಯನ್ನೇ ಕೊಡಬೇಕು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾಲನ್ನು ವಾಪಸು ತಂದು ಚಪ್ಪಲಿಯೊಳಗೆ ಇಟ್ಟಳು.

"ಹೌದು, ಆಗ್ಬೇಕು," ಎಂದಳು.

"ಆಗ್ಬೇಕು ಅಂದ್ರೆ?"

"ನೀವೇ ಅಂದ್ರಲ್ಲ."

ಅವಳು ಮೆಟ್ಟಿಲಿಳಿದಳು. ಹಸಿದ ಮನೆ ಬಿಟ್ಟು ಹೋಗುತ್ತಿದ್ದೇನೆ ಎಂಬ ಸಂಕಟ, ತಿರುಗಿ ಹತ್ತಬಾರದೆಂಬ ಹಟ, ಎರಡೂ ಜೊತೆಗೇ ಇಳಿದವು. ಕೆಳಗೆ ಬರುವಷ್ಟರಲ್ಲಿ ಮೇಲೆ ಟಿವಿಯ ಸದ್ದು ನಿಂತಿತು. ಆಮೇಲೆ ಅಜ್ಜಿಯ ದನಿ, ಎಲ್ಲ ಮಹಡಿಗೂ ಕೇಳುವಂತೆ:

"ಹಾಗೇ ಕೂತಿದ್ರೆ ಅಕ್ಕಿಗೇನು ಕಾಲು ಬರುತ್ತಾ? ಏಳು. ನೀನು ಅಕ್ಕಿ ತೊಳಿ, ನಾನು ಬೇಳೆ ನೋಡ್ಕೋತೀನಿ. ಪುಟ್ಟಿ ಬಂದ್ಮೇಲೆ ಅವಳು ಪಾತ್ರೆ ತೊಳೀತಾಳೆ."

ಡಬ್ಬಿ ಬಿದ್ದ ಸದ್ದು, ಅಕ್ಕಿ ಚೆಲ್ಲಿದ ಸದ್ದು, ಅಜ್ಜಿಯ ಬೈಗುಳ. ಶೀಟಕ್ಕ ರಸ್ತೆ ದಾಟಲು ನಿಂತಿದ್ದಳು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿ ತೆರೆಯಿತು. ಗಂಡ ಒದ್ದೆ ಕೈಯಲ್ಲಿ ಪಾತ್ರೆ ಹಿಡಿದು ಬಗ್ಗಿ ನೋಡುತ್ತಿದ್ದ.

"ನಾನು ನೀರು ಎಷ್ಟು ಹಾಕ್ಲಿ?" ಎಂದು ಕೂಗಿದ.

"ಅಕ್ಕಿಯ ಎರಡರಷ್ಟು," ಎಂದು ಶೀಟಕ್ಕ ಕೆಳಗಿನಿಂದ ಕೂಗಿ ಹೇಳಿ, ಬಸ್ಸಿಗೆ ನಡೆದಳು.